ನಾಯಿಯ ಊಟದ ಅವಸರ

ನಾಯಿಯು ಅನ್ನವನ್ನು ಅಗಿಯದೆ ನುಂಗುವುದನ್ನು ಕಂಡು, "ಇದಕ್ಕೆ ಅಜೀರ್ಣವಾಗುವುದಿಲ್ಲವೇ?" ಎಂದು ಹುಡುಗಿಯರು ತರಗತಿಯಲ್ಲಿ ಕೇಳುವುದುಂಟು. ಇದರ ಉತ್ತರವು ನಾಯಿಯನ್ನು ಸಾಕಿರುವ ತಾಯಿತಂದೆಗಳಿಗೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪ್ರಯೋಜನಕರವಾದೀತೆಂದು ಇಲ್ಲಿ ಸಂಕ್ಷೇಪವಾಗಿ ಬರೆದಿದೆ.

ನಾಯಿಯು ತೋಳನ ಕುಲಕ್ಕೆ ಸೇರಿದ ಪ್ರಾಣಿ. ತೋಳಗಳು ಹಿಂಡಾಗಿ ಬೇಟೆಯಾಡಿ ಹಿಂಡಾಗಿಯೇ ತಿನ್ನುತ್ತವೆ; ತಡಮಾಡಿದ್ದಕ್ಕೆ ಪಾಲು ಕಡಮೆ. ಆದಕಾರಣ ಬೇಗನೆ ನುಂಗುವುದು ನಾಯಿಗೆ ವಂಶಪರಂಪರೆಯಾಗಿ ಬಂದ ಗುಣ. ಅದರ ದವಡೆಹಲ್ಲುಗಳು ಕತ್ತರಿಯಂತೆ ಮಾಂಸವನ್ನು ತುಂಡರಿಸುವುದಕ್ಕೆ ತಕ್ಕವು. ನಮ್ಮ ಜೊಲ್ಲಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುವ ದ್ರವ್ಯವಿದೆ. ನಾಯಿಯ ಜೊಲ್ಲಿನಲ್ಲಿ ಅದು ಇಲ್ಲವೆನ್ನುವಷ್ಟು ಅಲ್ಪ. ಆ ಕೆಲಸವು ಅದರ ಸಣ್ಣ ಕರುಳಿನಲ್ಲಿ ನಡೆಯುತ್ತದೆ. 1904ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ರಷ್ಯಾ ದೇಶದ ಪಾವ್ಲೋವ್ ಎಂಬ ಪಂಡಿತರು, ಆಹಾರವು ಜಠರವನ್ನು ಮುಟ್ಟುವುದಕ್ಕೆ ಮೊದಲೇ ನಾಯಿಯಲ್ಲಿ ಜಠರರಸವು ಸ್ರವಿಸುವುದೆಂದು ತೋರಿಸಿದರು. ಆದುದರಿಂದ ಅಗಿಯದಿರುವುದೊಂದೇ ನಾಯಿಗೆ ಕೇಡಲ್ಲ.

ಹಾಗಾದರೆ ಕೇಡು ಯಾವುದು? ಆತುರದಿಂದ ನುಂಗುವಾಗ ಆಹಾರದೊಡನೆ ಗಾಳಿಯೂ ಒಳಹೋಗುತ್ತದೆ. ದೊಡ್ಡ ತುಂಡುಗಳು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ತಿಂದದ್ದೆಲ್ಲ ಹಾಗೆಯೇ ಹೊರಬೀಳಬಹುದು. ಇವೆಲ್ಲಕ್ಕಿಂತ ಘೋರವಾದದ್ದು ಜಠರವು ಉಬ್ಬಿ ತಿರುಚಿಕೊಳ್ಳುವ ರೋಗ. ಆಗ ಜಠರದ ಎರಡು ಬಾಯಿಗಳೂ ಮುಚ್ಚಿಹೋಗಿ ರಕ್ತಸಂಚಾರವು ನಿಂತು, ಕೆಲವೇ ಗಂಟೆಗಳಲ್ಲಿ ಪ್ರಾಣವು ಹೋಗಬಹುದು. ಗ್ರೇಟ್ ಡೇನ್ ಮೊದಲಾದ, ಆಳವಾದ ಎದೆಯುಳ್ಳ ದೊಡ್ಡ ಜಾತಿಗಳಿಗೆ ಈ ಭಯವು ಹೆಚ್ಚು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಸಂಶೋಧಕರು 2000ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮುಪ್ಪು, ರಕ್ತಸಂಬಂಧಿಗಳಲ್ಲಿ ಈ ರೋಗವಿದ್ದದ್ದು, ಎತ್ತರದಲ್ಲಿಟ್ಟ ಬೋಗುಣಿ, ಊಟದ ವೇಗ ಇವೆಲ್ಲವೂ ಅಪಾಯವನ್ನು ಹೆಚ್ಚಿಸುವ ಕಾರಣಗಳೆಂದು ಕಂಡುಬಂದಿದೆ. ಮುಪ್ಪನ್ನೂ ವಂಶವನ್ನೂ ನಾವು ಬದಲಿಸಲಾರೆವು. ಊಟದ ಕ್ರಮವನ್ನಾದರೋ ಬದಲಿಸಬಲ್ಲೆವು.

ಅದಕ್ಕೆ ಕೆಲವು ಸುಲಭೋಪಾಯಗಳುಂಟು. ದಿನದ ಆಹಾರವನ್ನು ಒಂದೇ ಸಲ ಹಾಕದೆ ಎರಡು ಮೂರು ಸಲ ಹಂಚಿ ಹಾಕಬೇಕು. ಎರಡು ನಾಯಿಗಳಿದ್ದರೆ ಬೇರೆಬೇರೆ ಸ್ಥಳಗಳಲ್ಲಿ ಉಣಿಸಬೇಕು. ಪಾಲು ಹೋಗುವ ಭಯವಿಲ್ಲದ ನಾಯಿಯು ನಿಧಾನವಾಗಿ ತಿನ್ನುವುದು. ಅಗಲವಾದ ತಟ್ಟೆಯ ನಡುವೆ ಭಾರವಾದ ಬಟ್ಟಲೊಂದನ್ನು ಕವುಚಿಟ್ಟು, ಸುತ್ತಲೂ ಅನ್ನವನ್ನು ಹರಡಿದರೆ ಬಾಯ್ತುಂಬ ಕಬಳಿಸಲಾಗದು. ಉಂಡ ಕೂಡಲೇ ಓಡಿಸಿ ಆಡಿಸಬಾರದು.

ಹೊಟ್ಟೆಯು ಬಿಗಿದು ಉಬ್ಬುವುದು, ವಾಂತಿಗೆ ಹೆಣಗಿದರೂ ಏನೂ ಬಾರದಿರುವುದು, ಜೊಲ್ಲು ಸುರಿಯುವುದು, ನಿಂತಲ್ಲಿ ನಿಲ್ಲಲಾರದ ಚಡಪಡಿಕೆ: ಈ ಲಕ್ಷಣಗಳು ಕಂಡರೆ ಅಜೀರ್ಣವೆಂದು ತಿಳಿದು ಮನೆಮದ್ದನ್ನು ಹಾಕುತ್ತಾ ಬೆಳಗಾಗುವ ತನಕ ಕಾಯಬಾರದು, ತತ್‌ಕ್ಷಣವೇ ಪಶುವೈದ್ಯರ ಬಳಿಗೆ ಒಯ್ಯಬೇಕು. ಶಸ್ತ್ರಚಿಕಿತ್ಸೆಯಿಂದ ಬದುಕಿದ ನಾಯಿಗಳು ಅನೇಕ. ತಡವಾದಷ್ಟೂ ಬದುಕುವ ಆಸೆಯು ಕಡಮೆ.

ಮನೆಯ ನಾಯಿಗೆ ಅನ್ನ ಹಾಕುವ ಕೆಲಸವು ಸಾಧಾರಣವಾಗಿ ಮಕ್ಕಳ ಪಾಲಿಗೆ ಬರುತ್ತದೆ. ಹಾಕಿ ಹೊರಟುಹೋಗದೆ, ಅದು ಹೇಗೆ ತಿನ್ನುವುದೆಂದು ಐದು ನಿಮಿಷ ನಿಂತು ನೋಡುವುದನ್ನೂ ಅವರಿಗೆ ಕಲಿಸಿರಿ. ದೇವರು ನಮ್ಮ ಪಾಲನೆಗೆ ಒಪ್ಪಿಸಿದ ಮೂಕಪ್ರಾಣಿಯು ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದು. ನೋಡಿ ತಿಳಿಯುವುದು ನಮ್ಮ ಕರ್ತವ್ಯವಾಗಿದೆ.