ದತ್ತಸಂಚಯ ನಿರ್ವಹಣೆ ಮತ್ತು ಕನ್ನಡ ಬರಹ: ಪಹಣಿ ದಾಖಲೆಗಳ ಹಿನ್ನೆಲೆಯಲ್ಲಿ

ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನ ಕಟಕೋಳದಂತಹ ಊರಿನಲ್ಲಿ ಪಹಣಿಗೆ 'ಉತಾರ' ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಬೆಳೆಸಾಲ, ಬೆಳೆ ಪರಿಹಾರ, ಅಣ್ಣತಮ್ಮಂದಿರ ಪಾಲು ಇವೆಲ್ಲವೂ ಈ ಒಂದು ಹಾಳೆಯನ್ನು ಅವಲಂಬಿಸಿವೆ. ಸುಮಾರು 2000ದಲ್ಲಿ ಆರಂಭವಾದ 'ಭೂಮಿ' ಯೋಜನೆಯು ಕರ್ನಾಟಕದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಅಳವಡಿಸಿತು. ಕೈಬರಹದ ಪಹಣಿಯ ಮಾನ್ಯತೆ ಕೊನೆಗೊಂಡಿತು. ಅಂದರೆ ಗ್ರಾಮ ಲೆಕ್ಕಿಗರ ವಹಿಯಲ್ಲಿದ್ದ ಬರಹವು ದತ್ತಸಂಚಯದ ಬರಹವಾಯಿತು. ಇಷ್ಟು ದೊಡ್ಡ ಪ್ರಮಾಣದ ಕನ್ನಡ ಬರಹವನ್ನು ಕೆಡದಂತೆ ಕಾಯುವ ಕೆಲಸದಲ್ಲಿ ತಂತ್ರಜ್ಞಾನದಷ್ಟೇ ಭಾಷಾಜ್ಞಾನವೂ ಅಗತ್ಯವೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಅಕ್ಷರದ ಏಕರೂಪತೆ

'ಕಟಕೋಳ' ಎಂಬ ಊರ ಹೆಸರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಯುನಿಕೋಡ್ ಕ್ರಮದಲ್ಲಿ 'ಕೋ' ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳಾಗಿಯೂ ಬರೆಯಬಹುದು. ಮೊದಲನೆಯ ರೀತಿಯಲ್ಲಿ ಊರಿನ ಹೆಸರು ಐದು ಸಂಕೇತಗಳದ್ದಾದರೆ ಎರಡನೆಯ ರೀತಿಯಲ್ಲಿ ಏಳು ಸಂಕೇತಗಳದ್ದಾಗುತ್ತದೆ. ಪರದೆಯ ಮೇಲೆ ಎರಡೂ ಒಂದೇ. ಸಂಕೇತಗಳನ್ನಷ್ಟೇ ಹೋಲಿಸುವ ಯಂತ್ರಕ್ಕೆ ಎರಡೂ ಬೇರೆ ಬೇರೆ. ಹೀಗಾದಾಗ ಹುಡುಕಿದ ದಾಖಲೆ ಇದ್ದೂ ಇಲ್ಲದಂತಾಗುತ್ತದೆ. ಆದ್ದರಿಂದ ಪ್ರತಿಯೊಂದು ಬರಹವನ್ನೂ ಉಳಿಸುವ ಮೊದಲೇ ಒಂದು ನಿಶ್ಚಿತ ರೂಪಕ್ಕೆ ತರುವ 'ಸಾಮಾನ್ಯೀಕರಣ'ವನ್ನು ನಿರ್ವಾಹಕನು ಕಡ್ಡಾಯಗೊಳಿಸಬೇಕು. ಹುಡುಕುವ ಪದಕ್ಕೂ ಇದೇ ನಿಯಮ ಅನ್ವಯವಾಗಬೇಕು.

ಅಕಾರಾದಿ ಕ್ರಮದ ತೊಡಕೂ ಗಮನಾರ್ಹವಾದುದು. ನಿಘಂಟಿನ ಸಾಂಪ್ರದಾಯಿಕ ಕ್ರಮದಲ್ಲಿ ಅನುಸ್ವಾರ ಸ್ವರಗಳ ನಂತರ, 'ಳ'ಕಾರ 'ಹ'ಕಾರದ ನಂತರ ಬರುತ್ತದೆ. ಯುನಿಕೋಡಿನ ಸಂಕೇತ ಸಂಖ್ಯೆಗಳಲ್ಲಾದರೋ ಅನುಸ್ವಾರ 'ಅ'ಕಾರಕ್ಕಿಂತ ಮೊದಲು, 'ಳ'ಕಾರ 'ಲ' ಮತ್ತು 'ವ'ಗಳ ನಡುವೆ ಇವೆ. ಸಂಕೇತ ಸಂಖ್ಯೆಯನ್ನೇ ನೆಚ್ಚಿ ಜೋಡಿಸಿದ ಪಟ್ಟಿಯಲ್ಲಿ ಓದುಗನು ಹೆಸರನ್ನು ತಪ್ಪು ಜಾಗದಲ್ಲಿ ಅರಸುತ್ತಾನೆ. ದತ್ತಸಂಚಯವನ್ನು ರೂಪಿಸುವಾಗಲೇ ಕನ್ನಡದ ಜೋಡಣಾ ನಿಯಮವನ್ನು ಆಯ್ದುಕೊಳ್ಳುವುದು ಲೇಸು. ಆ ಬಳಿಕ ಅದನ್ನು ಬದಲಿಸಿದರೆ ಸಂಬಂಧಿಸಿದ ಸೂಚಿಗಳನ್ನೆಲ್ಲ ಮತ್ತೆ ಕಟ್ಟಬೇಕಾಗುತ್ತದೆ.

2. ಅಳತೆಯ ನಿಯಮ

ಜಮೀನಿನ ಅಳತೆ ಎಕರೆ-ಗುಂಟೆಗಳಲ್ಲಿದೆ. 40 ಗುಂಟೆಗೆ ಒಂದು ಎಕರೆ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು 2.20 ಎಂದೂ ಒಂದು ಎಕರೆ ಮೂವತ್ತು ಗುಂಟೆಯನ್ನು 1.30 ಎಂದೂ ದಶಮಾಂಶವಾಗಿ ದಾಖಲಿಸಿದರೆ ಯಂತ್ರವು ಮೊತ್ತವನ್ನು 3.50 ಎಂದು ತೋರಿಸುತ್ತದೆ. ನಿಜವಾದ ಮೊತ್ತ ನಾಲ್ಕು ಎಕರೆ ಹತ್ತು ಗುಂಟೆ. ಎಲ್ಲವನ್ನೂ ಗುಂಟೆಯಲ್ಲಿಯೇ ಉಳಿಸಿದರೆ (100 ಮತ್ತು 70, ಒಟ್ಟು 170) ಈ ದೋಷಕ್ಕೆ ಎಡೆಯಿರುವುದಿಲ್ಲ. ಒಂದು ಸರ್ವೆ ನಂಬರಿನ ಹಿಸ್ಸಾಗಳ ಮೊತ್ತವು ಮೂಲ ವಿಸ್ತೀರ್ಣಕ್ಕೆ ಸಮನಾಗಿರಬೇಕೆಂಬ ನಿರ್ಬಂಧವನ್ನು ದತ್ತಸಂಚಯದಲ್ಲಿಯೇ ಅಳವಡಿಸಿದರೆ ತಪ್ಪು ಒಳಬರುವ ಬಾಗಿಲಲ್ಲಿಯೇ ತಡೆಯಲ್ಪಡುತ್ತದೆ.

3. ಹೆಸರು ಮತ್ತು ಪಾಠಾಂತರ

'ಈರಪ್ಪ', 'ವೀರಪ್ಪ', 'ಬಸಪ್ಪ', 'ಬಸವಪ್ಪ' ಇಂತಹ ಜೋಡಿಗಳು ಒಬ್ಬನೇ ವ್ಯಕ್ತಿಯ ಹೆಸರಿನ ಎರಡು ರೂಪಗಳಾಗಿರಬಹುದು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ವಾಡಿಕೆ ಈ ಭಾಗದಲ್ಲಿರುವುದರಿಂದ ಒಂದೇ ಹೆಸರು ಇಬ್ಬರದ್ದೂ ಆಗಿರಬಹುದು. ಹೆಸರಿನ ಸಾಮ್ಯವನ್ನೇ ಆಧಾರವಾಗಿಟ್ಟುಕೊಂಡು ದಾಖಲೆಗಳನ್ನು ವಿಲೀನಗೊಳಿಸುವ ಆಜ್ಞೆಯೊಂದು ಒಬ್ಬನ ಹೊಲವನ್ನು ಮತ್ತೊಬ್ಬನಿಗೆ ಸೇರಿಸಿಬಿಡಬಲ್ಲದು. ಇಲ್ಲಿ ಗ್ರಂಥಸಂಪಾದನೆಯ ಶಿಸ್ತು ಮಾರ್ಗದರ್ಶಕವಾಗಿದೆ. ಸಂಪಾದಕನು ಪಾಠಾಂತರಗಳನ್ನು ಅಳಿಸದೆ ಅಡಿಟಿಪ್ಪಣಿಯಲ್ಲಿ ಉಳಿಸುವಂತೆ, ನಿರ್ವಾಹಕನೂ ಮೂಲ ನಮೂದನ್ನು ಹಾಗೆಯೇ ಇರಿಸಿ, ತಿದ್ದುಪಡಿಯನ್ನು ಬೇರೆಯಾಗಿ, ಯಾರು, ಯಾವಾಗ, ಯಾವ ಆಧಾರದಿಂದ ಮಾಡಿದರೆಂಬ ವಿವರದೊಡನೆ ದಾಖಲಿಸಬೇಕು. ಪ್ರತಿ ಖಾತೆದಾರನಿಗೂ ಹೆಸರಿನಿಂದ ಸ್ವತಂತ್ರವಾದ ಗುರುತಿನ ಸಂಖ್ಯೆ ಇರಬೇಕು. 'ಭೂಮಿ'ಯಲ್ಲಿ ಸಿಬ್ಬಂದಿಯ ಪ್ರವೇಶಕ್ಕೆ ಬೆರಳಚ್ಚಿನ ದೃಢೀಕರಣವನ್ನು ತಂದುದರ ಹಿಂದೆಯೂ ತಿದ್ದಿದವರು ಯಾರೆಂಬುದು ನಿರ್ವಿವಾದವಾಗಿರಲಿ ಎಂಬ ಉದ್ದೇಶವಿದೆ.

4. ವಹಿವಾಟು ಮತ್ತು ಪ್ರತಿ

ಹಕ್ಕು ಬದಲಾವಣೆಯಲ್ಲಿ ತಂದೆಯ ಹೆಸರು ತೆಗೆದು ಇಬ್ಬರು ಮಕ್ಕಳ ಹೆಸರು ಸೇರಿಸುವುದು ಮೂರು ಕ್ರಿಯೆಗಳಾದರೂ ದತ್ತಸಂಚಯದಲ್ಲಿ ಅದು ಒಂದೇ ವಹಿವಾಟಾಗಿರಬೇಕು. ನಡುವೆ ವಿದ್ಯುತ್ ನಿಂತರೆ ಮೂರೂ ರದ್ದಾಗಬೇಕು; ಇಲ್ಲವಾದರೆ ಹೊಲಕ್ಕೆ ಒಡೆಯನೇ ಇಲ್ಲದ ಸ್ಥಿತಿ ಒದಗುತ್ತದೆ. ಬದಲಾವಣೆಯನ್ನು ಮೊದಲು ದಿನಚರಿ ಕಡತದಲ್ಲಿ, ಅಂದರೆ ಲಾಗ್‌ನಲ್ಲಿ, ಬರೆದು ಅನಂತರ ಕೋಷ್ಟಕದಲ್ಲಿ ಬರೆಯುವ ಪದ್ಧತಿಯೇ ಇದಕ್ಕೆ ಆಧಾರ.

ಭಾನುವಾರ ರಾತ್ರಿ ಪೂರ್ಣ ಪ್ರತಿಯನ್ನೂ ಆಮೇಲೆ ಪ್ರತಿ ಗಂಟೆಗೊಮ್ಮೆ ಲಾಗ್‌ನ ಪ್ರತಿಯನ್ನೂ ತೆಗೆದಿದ್ದರೆ, ಬುಧವಾರ ಮಧ್ಯಾಹ್ನ ಡಿಸ್ಕ್ ಕೆಟ್ಟಾಗ ನಷ್ಟವು ಹೆಚ್ಚೆಂದರೆ ಸುಮಾರು ಒಂದು ಗಂಟೆಯ ಕೆಲಸಕ್ಕೆ ಸೀಮಿತವಾಗುತ್ತದೆ. ಆದರೆ ಮರುಸ್ಥಾಪಿಸಿ ನೋಡದ ಪ್ರತಿಯನ್ನು ಪ್ರತಿಯೆಂದು ನಂಬಲಾಗದು. ನಿಯತಕಾಲದಲ್ಲಿ ಬೇರೊಂದು ಯಂತ್ರದಲ್ಲಿ ಅದನ್ನು ತೆರೆದು, ದಾಖಲೆಗಳ ಸಂಖ್ಯೆಯನ್ನು ತಾಳೆ ನೋಡಿ, ಕೆಲವು ಪಹಣಿಗಳನ್ನು ಕಣ್ಣಾರೆ ಓದಬೇಕು. ಸಂಖ್ಯೆ ಸರಿಯಿದ್ದೂ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಉಳಿದಿರುವ ಸಾಧ್ಯತೆಯುಂಟು. ಇದನ್ನು ಕಂಡುಹಿಡಿಯಬಲ್ಲವನು ಓದುಗನೇ. ಒಂದು ಪ್ರತಿಯನ್ನು ಬೇರೆ ಊರಿನಲ್ಲಿರಿಸುವುದೂ ಅಗತ್ಯ.

ಭೂಮಿಯ ಹಕ್ಕನ್ನು ಕಲ್ಲಿನಲ್ಲಿಯೂ ತಾಮ್ರಪಟದಲ್ಲಿಯೂ ಬರೆಸಿ, ಎಲ್ಲೆಗಳನ್ನು ಹೆಸರಿಸಿ, ಮತ್ತರುಗಳ ಲೆಕ್ಕ ಹೇಳಿದ ಪರಂಪರೆ ಕನ್ನಡದ್ದು. ಸವದತ್ತಿಯ ಸುತ್ತಲಿನ ರಟ್ಟರ ದಾನಶಾಸನಗಳು ಅದೇ ಕಾಳಜಿಯ ಸಾಕ್ಷಿಗಳು. ಅಂದು ಲಿಪಿಕಾರನ ಕೈತಪ್ಪನ್ನು ಶಾಸನತಜ್ಞನು ಶತಮಾನಗಳ ನಂತರ ಗುರುತಿಸಬಲ್ಲನು. ಇಂದಿನ ತಪ್ಪು ಮಾತ್ರ ಮರುದಿನವೇ ರೈತನ ಸಾಲದ ಅರ್ಜಿಯನ್ನು ತಡೆಯಬಲ್ಲದು. ವರ್ಣಕ್ರಮ, ಊರ ಹೆಸರು, ವ್ಯಕ್ತಿನಾಮಗಳ ಪ್ರಾದೇಶಿಕ ರೂಪಗಳನ್ನು ಕುರಿತು ಕನ್ನಡ ವಿಭಾಗಗಳಲ್ಲಿ ನಡೆದಿರುವ ಅಧ್ಯಯನಗಳು ದತ್ತಸಂಚಯ ನಿರ್ವಾಹಕರ ಮೇಜನ್ನು ತಲುಪಿದಾಗ ಆ ವಿದ್ವತ್ತಿಗೆ ಹೊಸದೊಂದು ಪ್ರಯೋಜನ ಒದಗುತ್ತದೆ.