ಗರ್ಭಿಣಿಯ ತೂಕ ಮತ್ತು ಮನಸ್ಸು

ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂಥ ಊರುಗಳಲ್ಲಿ ಬಸುರಿ ಬಡಕಲಾಗಿದ್ದರೆ ಮನೆಯವರಿಗೆ ಚಿಂತೆ, ಮೈತುಂಬಿಕೊಂಡಿದ್ದರೆ ಸಮಾಧಾನ. ಆದರೆ 5 ಅಡಿ ಎತ್ತರದವಳು ಬಸಿರಾಗುವ ಮೊದಲೇ 70 ಕಿಲೊ ಇದ್ದರೆ ಅದು ಬೊಜ್ಜು. ಇಂಥವರಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಯಂತೆ ಖಿನ್ನತೆಯೂ ಹೆಚ್ಚು ಕಂಡುಬರುತ್ತದೆ. ಮೊದಲಿನೆರಡು ತಪಾಸಣೆಯಲ್ಲಿ ಸಿಗುತ್ತವೆ. ಖಿನ್ನತೆ ಕೇಳಿದರಷ್ಟೇ ತಿಳಿಯುತ್ತದೆ.

ಊಟ, ನಡಿಗೆ ತಿದ್ದಿದರೆ ಮನಸ್ಸೂ ಸರಿಹೋದೀತೆ? ಆಸ್ಟ್ರೇಲಿಯದ ಅಡಿಲೇಡಿನಲ್ಲಿ ತೂಕ ಹೆಚ್ಚಿದ್ದ 2212 ಗರ್ಭಿಣಿಯರ ಮೇಲೆ ನಡೆದ ‘ಲಿಮಿಟ್’ ಪ್ರಯೋಗದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಸಲಹೆ ಪಡೆದವರಲ್ಲಿ 4 ಕಿಲೊ ಮೀರಿದ ಕೂಸುಗಳು ಕಡಿಮೆಯಾದವು. ಖಿನ್ನತೆ ಮಾತ್ರ ಸಲಹೆ ಪಡೆದವರಲ್ಲಿಯೂ ಪಡೆಯದವರಲ್ಲಿಯೂ ಒಂದೇ ಸಮನಾಗಿತ್ತು. ಆದ್ದರಿಂದ ಪಥ್ಯ ಹೇಳಿ ಕಳಿಸಿದರೆ ಸಾಲದು.

ಬೊಜ್ಜಿರುವವರು ಒಂಬತ್ತು ತಿಂಗಳಲ್ಲಿ 5ರಿಂದ 9 ಕಿಲೊ ಏರಿದರೆ ಸಾಕು. ಉಪವಾಸ ಬೇಡ. ಜೋಳದ ರೊಟ್ಟಿ, ಗಟ್ಟಿ ತೊಗರಿಬೇಳೆ, ಪುಂಡಿಪಲ್ಯ, ಮೊಸರು ಇರಲಿ. ಸಕ್ಕರೆ ಚಹಾ, ಕರಿದ ಭಜಿ ತಗ್ಗಲಿ. ವೈದ್ಯರು ಬೇಡವೆನ್ನದಿದ್ದರೆ ದಿನಕ್ಕೆ ಅರ್ಧ ಗಂಟೆ ನಡೆಯಬಹುದು. ತೊಗರಿ ರಾಶಿಯಲ್ಲಿ ದಿನವಿಡೀ ದುಡಿಯುವವಳಿಗೆ ಬೇಕಾದದ್ದು ನಡಿಗೆಯಲ್ಲ, ವಿಶ್ರಾಂತಿ. ದಪ್ಪಗಾದಳೆಂದು ನಾಲ್ವರೆದುರು ಆಡಿಕೊಳ್ಳುವುದನ್ನಂತೂ ಅತ್ತೆ, ಗಂಡ ಇಬ್ಬರೂ ಬಿಡಬೇಕು.

ಎರಡು ವಾರಕ್ಕೂ ಮೀರಿ ಬೇಸರ, ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ಕಾರಣವಿಲ್ಲದ ಅಳು, ನಿದ್ರೆಗೇಡು ಇದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಬೇಕು. 1987ರಲ್ಲಿ ಸಿದ್ಧವಾದ ಎಡಿನ್‌ಬರೊ ಪ್ರಶ್ನಾವಳಿಯ 10 ಪ್ರಶ್ನೆಗಳಿಂದ ಆರೋಗ್ಯ ಸಿಬ್ಬಂದಿ ಇದನ್ನು ಗುರುತಿಸಬಲ್ಲರು. ಸಾಯುವ ಮಾತು ಬಂದರೆ ಆಕೆಯನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆಮಾಡಬಹುದು; ಕನ್ನಡದಲ್ಲಿಯೇ ಮಾತನಾಡಬಹುದು.