ಕಾರಣ ಕೇಳಿ ಅಂಟಿಸು

ಮೈಸೂರು

ಚಿ. ಪುಟ್ಟಿಗೆ ತಾತ ಮಾಡುವ ಆಶೀರ್ವಾದಗಳು.

ನೀನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಫೋಟೋಗಳನ್ನು ನೋಡಿದೆ. ಅಪೋಲೋ 11ರ ಚಂದ್ರನೌಕೆ, 1/48 ಅಳತೆಯ ಪ್ಲಾಸ್ಟಿಕ್ ಕಿಟ್, ಅರ್ಧ ಜೋಡಿಸಿಟ್ಟಿದ್ದೀಯ. ಅಜ್ಜಿಗೂ ತೋರಿಸಿದೆ. ‘ಇದೇನ್ರೀ, ಜೇಡರ ಹುಳ?’ ಎಂದಳು. ಅವಳ ಕಣ್ಣು ಸರಿಯಾಗೇ ಇದೆ. 1969ರ ಮಾರ್ಚ್‌ನಲ್ಲಿ ಭೂಮಿಯ ಸುತ್ತಲೇ ಹಾರಿಸಿ ಪರೀಕ್ಷಿಸಿದ ಅಪೋಲೋ 9ರ ಚಂದ್ರನೌಕೆಗೆ ಅದರ ಯಾತ್ರಿಗಳು ಇಟ್ಟ ಹೆಸರೇ ಸ್ಪೈಡರ್.

ಫೋಟೋ ಕೆಳಗೆ ನೀನು ಕೇಳಿದ್ದೆ: ‘ತಾತ, ಡೀಟೇಲಿಂಗ್‌ಗೆ ಇನ್ನೇನೇನು ಸೇರಿಸಲಿ?’ ಫೋನಿನಲ್ಲಿ ಎರಡು ಸಾಲು ಬರೆದು ಮುಗಿಸುವ ಪ್ರಶ್ನೆಯಲ್ಲ ಇದು. ಅದಕ್ಕೇ ಈ ಕಾಗದ. ಸೇರಿಸುವ ಮಾತು ಆಮೇಲಿರಲಿ. ಕಿಟ್‌ನಲ್ಲಿ ಈಗಾಗಲೇ ಇರುವ ಒಂದೊಂದು ತುಂಡನ್ನೂ ಕೈಗೆತ್ತಿಕೊಂಡು ‘ನೀನು ಇಲ್ಲಿ ಯಾಕಿದ್ದೀಯ?’ ಎಂದು ಮೊದಲು ಕೇಳು. ಉತ್ತರ ಸಿಕ್ಕಮೇಲೆ ಅಂಟು ಹಚ್ಚು. ಜೀವಮಾನವೆಲ್ಲ ಟೂಲ್‌ರೂಮಿನಲ್ಲಿ ಕಳೆದವನು ನಿನಗೆ ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿಸ್ತಾರ.

ಕಿಟಕಿಗಳನ್ನೇ ನೋಡು. ಎರಡು ಪುಟ್ಟ ತ್ರಿಕೋನ, ಒಳಕ್ಕೆ ವಾಲಿಕೊಂಡಿವೆ. ಚಂದಕ್ಕೆಂದು ಯಾರೂ ಹಾಗೆ ಮಾಡಲಿಲ್ಲ. ಮೊದಲ ನಕ್ಷೆಗಳಲ್ಲಿ ದೊಡ್ಡ ದೊಡ್ಡ ಕಿಟಕಿಗಳಿದ್ದವು, ಕೂರಲು ಸೀಟುಗಳಿದ್ದವು. ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲೆಂಡ್‌ನಲ್ಲಿ ಈ ನೌಕೆ ಕಟ್ಟಿದ ಗ್ರಮ್ಮನ್ ಕಂಪನಿಯ ಎಂಜಿನಿಯರುಗಳಿಗೆ ಹಗಲೂ ರಾತ್ರಿ ಒಂದೇ ಚಿಂತೆ: ತೂಕ. ಗಾಜು ಭಾರ, ಸೀಟು ಭಾರ. ಗುರುತ್ವ ಅಷ್ಟು ಕಡಿಮೆಯಿರುವ ಕಡೆ ನಿಂತೇ ನೌಕೆ ನಡೆಸಿದರಾಯಿತಲ್ಲ ಎಂದು ಸೀಟು ಕಿತ್ತುಹಾಕಿದರು. ನಿಂತವನ ಮುಖ ಗಾಜಿಗೆ ಹತ್ತಿರ ಬಂತು. ಹತ್ತಿರ ಬಂದಮೇಲೆ ಸಣ್ಣ ಕಿಟಕಿಯಲ್ಲೇ ಬೇಕಾದಷ್ಟು ಕಂಡಿತು. ಸೀಟು ಹೋಯಿತು, ಅದರ ಹಿಂದೆ ಗಾಜೂ ಹೋಯಿತು. ಇದು ಗೊತ್ತಿದ್ದರೆ ಆ ತ್ರಿಕೋನದ ಅಂಚಿಗೆ ಕಪ್ಪು ಬಣ್ಣ ಬಳಿಯುವಾಗ ನಿನ್ನ ಕೈ ತಾನಾಗಿ ಹುಷಾರಾಗುತ್ತದೆ.

ಇನ್ನೊಂದು ವಿಷಯ ಕೇಳಿದರೆ ನಿನಗೆ ಖುಷಿಯಾದೀತು. ಆ ಎಂಜಿನಿಯರುಗಳೂ ಮಾಡೆಲ್ ಮಾಡಿಯೇ ಕಲಿತವರು. 1964ರಲ್ಲಿ ಮರದಲ್ಲಿ ನಿಜ ಗಾತ್ರದ ಮಾಡೆಲ್ ಮಾಡಿ, ಯಾತ್ರಿಗಳಿಗೆ ಗಗನ ಉಡುಪು ತೊಡಿಸಿ, ಹತ್ತಿಸಿ ಇಳಿಸಿ ನೋಡಿದರು. ಹಗ್ಗ ಹಿಡಿದು ಇಳಿಯುವ ಯೋಜನೆ ಕಾಗದದ ಮೇಲೆ ಚೆನ್ನಾಗಿತ್ತು, ಮೈಮೇಲೆ ಆ ಉಡುಪು ಬಿದ್ದಮೇಲೆ ಆಗಲಿಲ್ಲ. ಏಣಿ ಬಂತು. ಬಾಗಿಲು ಮೊದಲು ದುಂಡಗಿತ್ತು. ಯಾತ್ರಿಗಳ ಬೆನ್ನಿನ ಚೌಕಾಕಾರದ ಪೆಟ್ಟಿಗೆ ಅದರಲ್ಲಿ ಸಲೀಸಾಗಿ ತೂರಲಿಲ್ಲ. ಬಾಗಿಲೂ ಚೌಕವಾಯಿತು. ನಕ್ಷೆ ಬಚ್ಚಿಟ್ಟುಕೊಂಡಿದ್ದನ್ನು ಮರದ ಮಾಡೆಲ್ ಬಾಯಿಬಿಟ್ಟು ಹೇಳಿತು. ಹಾಗಾಗಿ ‘ಆಟದ ಸಾಮಾನು ಹಿಡಿದು ಕೂತಿದ್ದಾಳೆ’ ಎಂದು ಯಾರಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಈಗ ಕೆಲಸಕ್ಕೆ ಬರೋಣ. ನಿನ್ನ ಎರಡನೇ ಫೋಟೋದಲ್ಲಿ ಕೆಳಭಾಗದ ಎರಡು ಗೋಡೆ ಸೇರುವ ಕಡೆ ಸಂದು ಹಾಗೇ ಕಾಣುತ್ತಿದೆ. ಅದನ್ನು ಬಿಟ್ಟು ಆಂಟೆನಾಗೆ ಕೂದಲೆಳೆಯಷ್ಟು ವೈರು ಹುಡುಕಲು ಹೊರಟಿದ್ದೀಯ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕೇ? ಉಳಿದ ತುಂಡುಗಳನ್ನು ಸ್ಪ್ರೂನಿಂದ, ಅಂದರೆ ಅವನ್ನು ಹಿಡಿದಿಟ್ಟ ಪ್ಲಾಸ್ಟಿಕ್ ಚೌಕಟ್ಟಿನಿಂದ, ಬಿಡಿಸುವ ಮೊದಲು ಸೋಪು ನೀರಿನಲ್ಲಿ ತೊಳೆದು ಒಣಗಿಸು. ಅಚ್ಚಿನಿಂದ ಬಂದ ಜಿಡ್ಡಿನ ಮೇಲೆ ಬಣ್ಣ ಕೂರುವುದಿಲ್ಲ. ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡು. ಸಂದಿಗೆ ಪುಟ್ಟಿ ತುಂಬಿ (ನಿನ್ನ ಹೆಸರೇ, ಏನು ಮಾಡಲಿ!), ಒಂದು ದಿನ ಬಿಟ್ಟು, 400, 600, 1000 ನಂಬರಿನ ವಾಟರ್ ಪೇಪರ್‌ಗಳಲ್ಲಿ ಕ್ರಮವಾಗಿ ನೀರು ಹಾಕಿ ತಿಕ್ಕು. ಕಿಟಕಿಯ ಪಾರದರ್ಶಕ ತುಂಡುಗಳಿಗೆ ಮಾತ್ರ ಫೆವಿಕ್ವಿಕ್ ತಾಗಿಸಬೇಡ, ಅದರ ಹೊಗೆಗೆ ಪ್ಲಾಸ್ಟಿಕ್ ಬಿಳಿಚಿಕೊಳ್ಳುತ್ತದೆ. ಅಲ್ಲಿಗೆ ಬಿಳಿ ಫೆವಿಕಾಲ್ ಸಾಕು. ಕೋಣೆಯ ಕಿಟಕಿ ತೆರೆದಿಟ್ಟು ಕೂರು, ಬಣ್ಣ ಸಿಂಪಡಿಸುವಾಗ ಮಾಸ್ಕ್ ಹಾಕಿಕೋ. ಇದರಲ್ಲಿ ಚರ್ಚೆ ಇಲ್ಲ.

ನೀನು ಹೆಚ್ಚು ತಲೆ ಕೆಡಿಸಿಕೊಂಡಿರುವುದು ನೌಕೆಯ ಮೈಮೇಲಿನ ಆ ಬಂಗಾರದ ಹೊದಿಕೆಯ ಬಗ್ಗೆ. ಅದು ಬಂಗಾರವೇ ಅಲ್ಲ. ಕ್ಯಾಪ್ಟಾನ್ ಎಂಬ ತೆಳು ಪ್ಲಾಸ್ಟಿಕ್ ಹಾಳೆ, ಅದರ ಸಹಜ ಬಣ್ಣವೇ ಕಂದು ಹಳದಿ. ಒಂದು ಮೈಗೆ ಅಲ್ಯುಮಿನಿಯಂ ಲೇಪಿಸಿರುತ್ತಾರೆ. ಹಳದಿ ಹಾಳೆಯ ಮೂಲಕ ಅಲ್ಯುಮಿನಿಯಂ ಹೊಳೆದಾಗ ನಮಗೆ ಬಂಗಾರ ಕಾಣುತ್ತದೆ. ಇಂಥ ತೆಳು ಹಾಳೆಗಳನ್ನು ಪದರ ಪದರವಾಗಿ ಹೊದಿಸಿ ಬಿಸಿಲು, ಚಳಿ ಎರಡನ್ನೂ ತಡೆದರು. ಹಾಳೆಗಳನ್ನು ಬೇಕೆಂದೇ ಕೈಯಲ್ಲಿ ಮುದುರಿದರು. ಸಪಾಟಾಗಿದ್ದರೆ ಒಂದಕ್ಕೊಂದು ಮೈ ತಾಗಿ ಶಾಖ ದಾಟುತ್ತದೆ, ಸುಕ್ಕಾಗಿದ್ದರೆ ಅಲ್ಲಲ್ಲಿ ಮಾತ್ರ ತಾಗುತ್ತದೆ.

ಹಾಗಾದರೆ ನೀನೂ ಅದನ್ನೇ ಮಾಡು. ಚಿನ್ನದ ಬಣ್ಣದ ಡಬ್ಬಿ ತರಬೇಡ, ಅದನ್ನು ಬಳಿದರೆ ದೇವರ ಮಂಟಪದ ಹಾಗೆ ಕಾಣುತ್ತದೆ. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ತುಂಡನ್ನು ಅಂಗೈಯಲ್ಲಿ ಮೆಲ್ಲಗೆ ಮುದುರಿ, ಬಿಡಿಸಿ, ಪುಸ್ತಕದೊಳಗಿಟ್ಟು ಒತ್ತು. ಸುಕ್ಕು ಸಣ್ಣದಾಗಿರಬೇಕು. ನಿನ್ನ ಮಾಡೆಲ್ ಮೇಲೆ ಒಂದು ಮಿಲಿಮೀಟರಿನ ಮಡಿಕೆ ಎಂದರೆ ನಿಜದಲ್ಲಿ ಸುಮಾರು ಐದು ಸೆಂಟಿಮೀಟರ್, ಲೆಕ್ಕ ಮರೆಯಬೇಡ. ಆಮೇಲೆ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಹಳದಿ ಗ್ಲಾಸ್ ಪೇಂಟ್‌ಗೆ ಒಂದು ತೊಟ್ಟು ಕಿತ್ತಳೆ ಬೆರೆಸಿ ತೆಳ್ಳಗೆ ಹಚ್ಚು. ಪಾರದರ್ಶಕ ಹಳದಿ, ಕೆಳಗೆ ಅಲ್ಯುಮಿನಿಯಂ. ನಿಜವಾದದ್ದು ಹೇಗೆ ಹೊಳೆಯುತ್ತದೋ ಅದೇ ಕಾರಣಕ್ಕೆ ನಿನ್ನದೂ ಹೊಳೆಯುತ್ತದೆ. ಒಣಗಿದ ಮೇಲೆ ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಒಂದೊಂದೇ ಮುಖಕ್ಕೆ ಅಂಟಿಸು. ಎಂಜಿನ್‌ಗಳ ಜ್ವಾಲೆ ತಾಗುವ ಕಡೆಗಳಲ್ಲಿ ಕಪ್ಪು ಹೊದಿಕೆ ಇದೆ, ಫೋಟೋ ನೋಡಿಕೊಂಡು ಅಲ್ಲಿ ಕಪ್ಪೇ ಹಾಕು.

ಫಾಯಿಲ್ ಕೈಯಲ್ಲಿರುವಾಗಲೇ ಒಂದು ಲೆಕ್ಕ ಮಾಡಿಬಿಡು. ಯಾತ್ರಿಗಳು ನಿಂತಿದ್ದ ಕೋಣೆಯ ಅಲ್ಯುಮಿನಿಯಂ ಗೋಡೆ ತೀರಾ ತೆಳುವಾದ ಕಡೆ ಸುಮಾರು 0.3 ಮಿಲಿಮೀಟರ್ ಇತ್ತು. ಅದನ್ನು 48ರಿಂದ ಭಾಗಿಸು. ಬರುವ ಉತ್ತರಕ್ಕಿಂತ ನಿನ್ನ ಕೈಯಲ್ಲಿರುವ ಫಾಯಿಲ್ಲೇ ದಪ್ಪ! ಕಿಟ್‌ನ ಒಂದು ಮಿಲಿಮೀಟರ್ ದಪ್ಪದ ತುಂಡುಗಳಂತೂ ಕೋಟೆ ಗೋಡೆ. ಅದಕ್ಕೇ ಕಣ್ಣಿಗೆ ಬೀಳುವ ಅಂಚುಗಳನ್ನೆಲ್ಲ ಒಳಗಿನಿಂದ ತಿಕ್ಕಿ ಸವೆಸು, ಹೊರ ಅಂಚು ಹಾಳೆಯಷ್ಟು ತೆಳ್ಳಗೆ ಕಂಡರೆ ಸಾಕು. ಡೀಟೇಲಿಂಗ್ ಅಂದರೆ ಎಷ್ಟೋ ಸಲ ತೆಗೆಯುವ ಕೆಲಸವೇ.

ಕಾಲಿಗೆ ಬಾ. ಪಾದಗಳ ಕೆಳಗೆ ಉದ್ದನೆ ಕಡ್ಡಿಗಳಿವೆಯಲ್ಲ, ಅವು ನೆಲ ತಾಗಿದ ಕೂಡಲೇ ಒಳಗೆ ದೀಪ ಹತ್ತಿಸಿ ‘ಎಂಜಿನ್ ನಿಲ್ಲಿಸು’ ಎಂದು ತಿಳಿಸುವ ಕಡ್ಡಿಗಳು, ಸುಮಾರು 1.7 ಮೀಟರ್ ಉದ್ದ. ಅಪೋಲೋ 11ರ ಈಗಲ್ ನೌಕೆಯಲ್ಲಿ ಅವು ಮೂರೇ. ಏಣಿ ಇರುವ ಕಾಲಿಗೆ ಇಲ್ಲ, ಇಳಿಯುವವನ ದಾರಿಗೆ ಅಡ್ಡ ಬರುತ್ತದೆಂದು ತೆಗೆದರು. ನಿನ್ನ ಅಳತೆಯಲ್ಲಿ ಒಂದೊಂದು ಮೂರೂವರೆ ಸೆಂಟಿಮೀಟರ್. ಕಿಟ್‌ನದು ದಪ್ಪವೆನಿಸಿದರೆ ಬಿಸಾಕಬೇಕೆಂದಿರುವ ಸ್ಪ್ರೂ ಕಡ್ಡಿಯನ್ನೇ ಎಳೆದು ಮಾಡಿಕೋ. ಎರಡೂ ತುದಿ ಹಿಡಿದು ಮೇಣದ ಬತ್ತಿಯ ಉರಿಯ ಮೇಲ್ಗಡೆ, ಉರಿಗೆ ತಾಗಿಸದೆ, ತಿರುಗಿಸುತ್ತಿರು. ಮೈ ಮಿನುಗಿ ನಡು ಕುಸಿಯತೊಡಗಿದಾಗ ಉರಿಯಿಂದ ಪಕ್ಕಕ್ಕೆ ತಂದು ಎಳೆ. ನಿಧಾನ ಎಳೆದರೆ ದಪ್ಪ, ಜೋರಾಗಿ ಎಳೆದರೆ ತೆಳು. ಎಳೆದು ಹಾಗೇ ಬಿಗಿ ಹಿಡಿ, ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಅಮ್ಮ ಮನೆಯಲ್ಲಿರುವಾಗ ಮಾತ್ರ ಈ ಕೆಲಸ.

ಏಣಿ ನೆಲಕ್ಕೆ ಮುಟ್ಟುತ್ತಿಲ್ಲ ಎಂದು ಕೆಳಗೆ ಎರಡು ಮೆಟ್ಟಿಲು ಸೇರಿಸಿಬಿಡಬೇಡ! ಅದು ಇರುವುದೇ ಹಾಗೆ. ಕಾಲಿನೊಳಗೆ ಜೇನುಗೂಡಿನ ರಚನೆಯ ಅಲ್ಯುಮಿನಿಯಂ ಇತ್ತು. ಇಳಿದ ಪೆಟ್ಟಿಗೆ ಅದು ನಜ್ಜುಗುಜ್ಜಾಗಿ ಕಾಲು ಕುಗ್ಗಬೇಕಿತ್ತು. ಆರ್ಮ್‌ಸ್ಟ್ರಾಂಗ್ ಎಷ್ಟು ನಯವಾಗಿ ಇಳಿಸಿದನೆಂದರೆ ಕಾಲು ಕುಗ್ಗಲೇ ಇಲ್ಲವೆನ್ನಬೇಕು. ಕೊನೆ ಮೆಟ್ಟಿಲಿಂದ ಪಾದಕ್ಕೆ ಸುಮಾರು ಮೂರು ಅಡಿ ಉಳಿದುಬಿಟ್ಟಿತು, ಅವನು ಹಾರಿಯೇ ಇಳಿಯಬೇಕಾಯಿತು. ನಮ್ಮ ಗಡಿಯಾರದಲ್ಲಿ ಆಗ 1969ರ ಜುಲೈ 21, ಬೆಳಿಗ್ಗೆ ಎಂಟೂವರೆ ಹತ್ತಿರ. ಇಲ್ಲಿ ನಾವು ರೇಡಿಯೋಗೆ ಕಿವಿ ಕೊಟ್ಟು ಕೂತಿದ್ದೆವು, ನೋಡಲು ಟಿವಿ ಎಲ್ಲಿತ್ತು? ಆ ಮೂರು ಅಡಿಯ ಸಂಗತಿ ಅಂದು ನಮಗೆ ತಿಳಿಯಲಿಲ್ಲ. ನಿನ್ನ ಮಾಡೆಲ್‌ನಲ್ಲಿ ಅದು ಎರಡು ಸೆಂಟಿಮೀಟರ್ ಖಾಲಿ ಜಾಗ. ಸರಿಯಾಗಿ ಬಿಟ್ಟರೆ ಆ ಖಾಲಿ ಜಾಗವೇ ಒಂದು ಡೀಟೇಲು.

ಯಾವ ನೌಕೆಯ ಫೋಟೋ ನೋಡುತ್ತಿದ್ದೀಯ ಎಂಬುದೂ ಮುಖ್ಯ. ಮೇಲ್ಭಾಗದ ನಾಲ್ಕು ಮೂಲೆಗೆ ನಾಲ್ಕರಂತೆ ಹದಿನಾರು ಪುಟ್ಟ ಎಂಜಿನ್‌ಗಳಿವೆ. ಅವುಗಳ ಕೆಳಮುಖದ ಜ್ವಾಲೆ ಕೆಳಭಾಗವನ್ನು ಸುಡದಂತೆ ಈಗಲ್‌ಗೆ ಬಾಗಿದ ತಗಡುಗಳನ್ನು ಕಟ್ಟಿದರು. ಸ್ಪೈಡರ್‌ಗೆ ಅವು ಇರಲಿಲ್ಲ. ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿರುವ ನೌಕೆ ಆಕಾಶಕ್ಕೇ ಹೋಗದ ಎಲ್‌ಎಂ-2, ಈಗಲ್‌ನ ವೇಷ ಹಾಕಿ ನಿಲ್ಲಿಸಿದ್ದಾರೆ. ಆದ್ದರಿಂದ ಅನುಮಾನ ಬಂದಾಗ ಚಂದ್ರನ ಮೇಲೆ ತೆಗೆದ ಫೋಟೋಗಳನ್ನೇ ನಂಬು, ಪೆಟ್ಟಿಗೆಯ ಮೇಲಿನ ಚಿತ್ರವನ್ನಲ್ಲ. ಅವೇ ಫೋಟೋಗಳು ಇನ್ನೊಂದನ್ನೂ ಹೇಳುತ್ತವೆ: ತುಕ್ಕು, ಮಸಿ, ಕೊಳೆ ಎಂದು ಯುದ್ಧದ ಟ್ಯಾಂಕಿಗೆ ಬಳಿದಂತೆ ಇದಕ್ಕೆ ಬಳಿಯಬಾರದು. ಗಾಳಿಯೇ ಇಲ್ಲದ ಜಾಗ. ಎಂಜಿನ್ ಎಬ್ಬಿಸಿದ ಧೂಳು ತೇಲಾಡಿ ಮೈಮೇಲೆ ಕೂರಲಿಲ್ಲ, ನೇರ ದೂರ ಸಿಡಿದುಹೋಯಿತು. ಪಾದಗಳು ಕೂಡ ಬಹುಮಟ್ಟಿಗೆ ಸ್ವಚ್ಛ.

ಇದು ಮುಗಿದಮೇಲೆ ನಿನಗೊಂದು ಕೆಲಸ ಇಟ್ಟಿದ್ದೇನೆ. ಪೆಟ್ಟಿಗೆ ಇಲ್ಲದೆ, ಬರಿಯ ಸ್ಟೈರೀನ್ ಹಾಳೆಯಲ್ಲಿ ಕತ್ತರಿಸಿ ನಮ್ಮ ಚಂದ್ರಯಾನದ ಇಳಿನೌಕೆ ವಿಕ್ರಮ್ ಮಾಡು, ಇದೇ 1/48 ಅಳತೆಯಲ್ಲಿ. ಐಸ್‌ಕ್ರೀಮ್ ಡಬ್ಬದ ಪ್ಲಾಸ್ಟಿಕ್ ಕತ್ತರಿಸಲು ಹೋಗಬೇಡ, ಅದು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಕಿಟ್‌ನ ಅಂಟಿಗೆ ಕರಗುವುದಿಲ್ಲ. ವಿಕ್ರಮ್ ಸುಮಾರು ಎರಡು ಮೀಟರ್ ಉದ್ದಗಲ, ಅಂದರೆ ನಿನಗೆ ನಾಲ್ಕು ಸೆಂಟಿಮೀಟರ್ ಚಿಲ್ಲರೆ. ಇಲ್ಲೂ ಫೋಟೋ ಬೆರೆಸಬೇಡ. 2019ರ ಚಂದ್ರಯಾನ-2ರ ವಿಕ್ರಮ್‌ಗೆ ಐದು ಎಂಜಿನ್, 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರದಕ್ಕೆ ನಾಲ್ಕು. ಮೊದಲನೆಯದು ಬಿದ್ದಮೇಲೆ ನಡುವಿನ ಎಂಜಿನ್ ತೆಗೆದರು, ಕಾಲುಗಳನ್ನು ಬಲಪಡಿಸಿದರು, ಸೌರಫಲಕ ಹೆಚ್ಚಿಸಿದರು. ಆ ಬದಲಾವಣೆಗಳ ಹಿಂದಿನ ಕಾರಣ ಹುಡುಕುತ್ತಾ ಹೋಗು, ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೂ, ಕ್ಯಾಮೆರಾ, ಸೆನ್ಸರ್ ಪರೀಕ್ಷಿಸಲು ನೆಲ ಅಗೆದು ಚಂದ್ರನ ಗುಳಿಗಳನ್ನೇ ಮಾಡಿದ್ದ ಚಳ್ಳಕೆರೆಯ ಉಳ್ಳಾರ್ತಿ ಕಾವಲಿಗೂ ತಲುಪುತ್ತೀಯ. ನಿನ್ನ ಎರಡೂ ಮಾಡೆಲ್‌ಗಳನ್ನು ಅಕ್ಕಪಕ್ಕ ಇಟ್ಟಾಗ ಮನುಷ್ಯರನ್ನು ಹೊತ್ತ ಹದಿನೈದು ಟನ್ನಿನ ನೌಕೆಗೂ ಮನುಷ್ಯರಿಲ್ಲದ ಒಂದೂಮುಕ್ಕಾಲು ಟನ್ನಿನ ನೌಕೆಗೂ ಇರುವ ಅಂತರ ಯಾವ ಪಠ್ಯಪುಸ್ತಕವೂ ಹೇಳದ ಹಾಗೆ ಕಣ್ಣಿಗೆ ಕಾಣುತ್ತದೆ.

ದಸರಾಕ್ಕೆ ಬರುವಾಗ ಎರಡನ್ನೂ ತಾ. ಗೊಂಬೆ ಕೂರಿಸುವಾಗ ಅಜ್ಜಿ ಒಂದು ಮೆಟ್ಟಿಲು ಬಿಟ್ಟುಕೊಡಲು ಒಪ್ಪಿದ್ದಾಳೆ, ಜೇಡರ ಹುಳ ಎಂದು ಕರೆಯುವುದನ್ನು ಮಾತ್ರ ಬಿಡುವುದಿಲ್ಲವಂತೆ. ಸಂಜೆ ಬೀದಿಯ ಮಕ್ಕಳೆಲ್ಲ ಬರುತ್ತಾರೆ. ‘ಅಕ್ಕಾ, ಈ ಕಾಲಿಗೆ ಮಾತ್ರ ಕಡ್ಡಿ ಯಾಕಿಲ್ಲ?’ ಎಂದು ಕೇಳದೆ ಬಿಡುವುದಿಲ್ಲ. ಬೊಂಬೆ ಬಾಗಿನ ಅಜ್ಜಿಯ ಪಾಲಿಗೆ, ಉತ್ತರ ನಿನ್ನ ಪಾಲಿಗೆ.

ಅಪ್ಪ ಅಮ್ಮನಿಗೆ ನಮ್ಮ ಆಶೀರ್ವಾದ ತಿಳಿಸು.

ಇಂತಿ,
ನಿನ್ನ ಪ್ರೀತಿಯ ತಾತ